ಕಾವಡಿ ಮತ್ತು ಕಾಡ್ಗಿಚ್ಚು: ಮುಪ್ಪು, ಅಂಗವೈಕಲ್ಯ ಮತ್ತು ನೆರವಿನ ಪಠ್ಯಗಳು

1

ಮಹಾಭಾರತದ ಆಶ್ರಮವಾಸಿಕ ಪರ್ವದ ಕೊನೆಯಲ್ಲಿ ಒಂದು ಕಾಡ್ಗಿಚ್ಚಿನ ವೃತ್ತಾಂತವಿದೆ. ಹುಟ್ಟು ಕುರುಡನಾದ ವೃದ್ಧ ಧೃತರಾಷ್ಟ್ರ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಬಾಳಿದ ಗಾಂಧಾರಿ, ಮುಪ್ಪಿನ ಕುಂತಿ, ಈ ಮೂವರೂ ವಾನಪ್ರಸ್ಥದಲ್ಲಿರುವಾಗ ಬೆಂಕಿ ಅವರನ್ನು ಸುತ್ತುವರಿಯುತ್ತದೆ. ಉಪವಾಸಗಳಿಂದ ಸೊರಗಿದ ಅವರು ಓಡಲಾರರು. ಜೊತೆಗಿದ್ದ ಸಂಜಯನಿಗೆ ಪಾರಾಗಿ ಹೋಗುವಂತೆ ಧೃತರಾಷ್ಟ್ರ ಹೇಳುತ್ತಾನೆ. ಸಂಜಯ ಪಾರಾಗುತ್ತಾನೆ, ಮುದುಕರು ಮೂವರೂ ಅಲ್ಲಿಯೇ ಉರಿದುಹೋಗುತ್ತಾರೆ. ನಾರದನಿಂದ ಸುದ್ದಿ ತಿಳಿದ ಯುಧಿಷ್ಠಿರನನ್ನು ಹೆಚ್ಚಾಗಿ ಕಾಡುವುದು ಒಂದು ಸಂಗತಿ: ಅಗ್ನಿಹೋತ್ರಿಯಾದ ದೊಡ್ಡಪ್ಪ ಸಂಸ್ಕಾರವಿಲ್ಲದ ವೃಥಾಗ್ನಿಯಲ್ಲಿ ಬೆಂದನಲ್ಲ ಎಂಬುದು. ನಾರದ ಸಮಾಧಾನ ಹೇಳುತ್ತಾನೆ. ಅದು ವೃಥಾಗ್ನಿಯಲ್ಲ, ಯಾಜಕರು ಕಾಡಿನಲ್ಲಿ ಬಿಟ್ಟುಹೋದ ಧೃತರಾಷ್ಟ್ರನದೇ ಯಜ್ಞಾಗ್ನಿ ಬೆಳೆದು ಹಬ್ಬಿದ್ದು. ಅಲ್ಲಿಗೆ ಅರಮನೆಯ ಚರ್ಚೆ ಮುಗಿಯುತ್ತದೆ.

ಈ ಚರ್ಚೆಯಲ್ಲಿ ಬೆಂಕಿಯ ಪಾವಿತ್ರ್ಯದ ಪ್ರಶ್ನೆಯಿದೆ. ಬೆಂಕಿಯನ್ನು ಆರಿಸದೆ ಬಿಟ್ಟವರು ಯಾರು, ಕಾಣದವರನ್ನೂ ನಡೆಯಲಾರದವರನ್ನೂ ಹೊರಗೆ ಕರೆತರುವ ವ್ಯವಸ್ಥೆ ಏಕಿರಲಿಲ್ಲ ಎಂಬ ಪ್ರಶ್ನೆಗಳಿಲ್ಲ. ಅವರದು ಸ್ವಇಚ್ಛೆಯ ತಪಸ್ಸು, ದೇಹತ್ಯಾಗಕ್ಕೆ ಸಿದ್ಧವಾದ ಮನಸ್ಸು ಎಂಬುದನ್ನು ಮರೆಯುವಂತಿಲ್ಲ. ಆದರೂ ಅವರು ಓಡದಿರುವುದಕ್ಕೆ ಕಾವ್ಯವೇ ದೇಹದ ಅಶಕ್ತಿಯನ್ನೂ ಕಾರಣವಾಗಿ ಹೇಳುತ್ತದೆ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಂತುದರಿಂದ, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಪೂರೈಸಿದರೂ, ಈ ಭಾಗ ಕನ್ನಡದ ಕೇಳುಗರಿಗೆ ಗದಾಯುದ್ಧದಷ್ಟು ಹತ್ತಿರವಾಗಲಿಲ್ಲ.

ಹತ್ತಿರವಾದದ್ದು ಶ್ರವಣಕುಮಾರನ ಕಥೆ. ವಾಲ್ಮೀಕಿಯಲ್ಲಿ ಅವನು ಹೆಸರಿಲ್ಲದ ಮುನಿಕುಮಾರ. ಕುರುಡ ತಂದೆತಾಯಿಗೆ ನೀರು ತರಲು ಹೋಗಿ ದಶರಥನ ಬಾಣಕ್ಕೆ ಗುರಿಯಾಗುತ್ತಾನೆ. ತಂದೆತಾಯಿಯನ್ನು ಕಾವಡಿಯಲ್ಲಿ ಹೊತ್ತು ತೀರ್ಥಯಾತ್ರೆಗೆ ಹೊರಟ ಮಗನ ಚಿತ್ರ ಜನಪರಂಪರೆ ಸೇರಿಸಿಕೊಂಡದ್ದು. ಮನೆಮನೆಯಲ್ಲಿ ಈ ಕಥೆ ಹೇಳುವಾಗ ಕೊಂಡಾಡುವುದು ಹೊತ್ತ ಹೆಗಲನ್ನು. ಯಾತ್ರೆಯ ಬಯಕೆ ಕಾವಡಿಯಲ್ಲಿ ಕುಳಿತವರದು. ಆ ಬಯಕೆಯೇ ಕಥೆಯನ್ನು ಆರಂಭಿಸುತ್ತದೆ ಎಂಬುದು ಹಿಂದೆ ಸರಿಯುತ್ತದೆ. ಇಬ್ಬರ ಅನ್ನ, ನೀರು, ಚಲನೆ ಎಲ್ಲವೂ ಒಂದೇ ಹೆಗಲಿನ ಮೇಲೆ ನಿಂತಿರುವುದರಿಂದ ಆ ಹೆಗಲು ಬಿದ್ದ ದಿನವೇ ಅವರ ಬದುಕೂ ಮುಗಿಯುತ್ತದೆ. ಕಥೆ ಇದನ್ನು ಪುತ್ರಶೋಕ ಎನ್ನುತ್ತದೆ. ಏರ್ಪಾಡಿನ ಕೊರತೆ ಎಂದು ಓದಲೂ ಅವಕಾಶವಿದೆ.

ಮೂರನೆಯ ನಿದರ್ಶನ ವಚನಸಾಹಿತ್ಯದ್ದು. ಮುಪ್ಪನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನ ದೇಹ ಒಂದೊಂದಾಗಿ ಸೋಲುವ ಬಗೆಯನ್ನು ಪಟ್ಟಿ ಮಾಡಿ, ಅದಕ್ಕೆ ಮುನ್ನವೇ ಕೂಡಲಸಂಗಮದೇವನನ್ನು ಪೂಜಿಸಬೇಕೆಂದು ಹೇಳುತ್ತದೆ. ಅಲ್ಲಿಯ ಕೇಳುಗ ಇನ್ನೂ ಮುದುಕನಾಗದವನು. ಬಾಗಿದ ಬೆನ್ನು ಅವನಿಗೆ ಎಚ್ಚರಿಕೆಯಾಗಿ ಬರುತ್ತದೆ. ಭಕ್ತಿಯ ಆಶಯಕ್ಕೆ ಅದು ತಕ್ಕದ್ದೇ ಆಗಿದೆ. ಆದರೆ ಬೆನ್ನು ಬಾಗಿದವರು ಏನು ಹೇಳಿಯಾರು ಎಂಬುದು ಆ ರಚನೆಯ ಹೊರಗಿನ ವಿಷಯ.

ಬಿಟ್ಟುಹೋದವರು, ಹೊರಲ್ಪಟ್ಟವರು, ಪಾಠವಾದವರು ಎಂಬ ಈ ಮೂರು ಆಕೃತಿಗಳಲ್ಲಿ ಮುಪ್ಪು ಮತ್ತು ಅಂಗವೈಕಲ್ಯ ಕೂಡಿದ ವ್ಯಕ್ತಿ ಪರಂಪರೆಯಲ್ಲಿ ಕಾಣಿಸಿಕೊಂಡಿದ್ದಾನೆ. ಕಳೆದ ಎರಡು ದಶಕಗಳಲ್ಲಿ ಅಭಿವೃದ್ಧಿ ಮತ್ತು ಮಾನವೀಯ ನೆರವಿನ ಕ್ಷೇತ್ರಗಳು ಅನೇಕ ಒಡಂಬಡಿಕೆ, ಕಾಯಿದೆ, ಮಾನದಂಡಗಳನ್ನು ರಚಿಸಿವೆ. ಅವು ಈ ಮೂರು ಆಕೃತಿಗಳಿಂದ ಎಷ್ಟರಮಟ್ಟಿಗೆ ಬಿಡಿಸಿಕೊಂಡಿವೆ ಎಂಬುದು ಇಲ್ಲಿಯ ಪ್ರಶ್ನೆ. ಅದಕ್ಕಾಗಿ ಅವನ್ನು ಆಡಳಿತದ ಕಾಗದಗಳೆಂದು ಬದಿಗಿಡದೆ ಪಠ್ಯಗಳೆಂದೇ ಓದಬೇಕಾಗುತ್ತದೆ.

2

2002ರ ಏಪ್ರಿಲ್‌ನಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆದ ಎರಡನೆಯ ವಿಶ್ವ ವಯೋವೃದ್ಧರ ಸಮಾವೇಶ ಒಂದು ಅಂತರರಾಷ್ಟ್ರೀಯ ಕಾರ್ಯಯೋಜನೆಯನ್ನು ಅಂಗೀಕರಿಸಿತು. ಅದರ ಮೊದಲ ಭಾಗ ಅಭಿವೃದ್ಧಿಗೆ ಸಂಬಂಧಿಸಿದ್ದು. ವಿಪತ್ತಿನ ಸಂದರ್ಭಗಳ ವಿಷಯ ಆ ಭಾಗದ ಎಂಟನೆಯ ಅಂಶ. ಎರಡನೆಯ ಭಾಗ ಆರೋಗ್ಯಕ್ಕೆ ಸಂಬಂಧಿಸಿದ್ದು. ಹಿರಿಯರು ಮತ್ತು ಅಂಗವೈಕಲ್ಯ ಎಂಬುದು ಆ ಭಾಗದ ಆರನೆಯ ಅಂಶ. ಪ್ರವಾಹ, ಭೂಕಂಪ, ಯುದ್ಧಗಳು ಒಂದು ಅಧ್ಯಾಯದಲ್ಲಿಯೂ ಸೋತ ಕಾಲು, ಮಂಜಾದ ಕಣ್ಣು ಇನ್ನೊಂದು ಅಧ್ಯಾಯದಲ್ಲಿಯೂ ಉಳಿದವು. ಅಂಗವೈಕಲ್ಯ ಆರೋಗ್ಯದ ಭಾಗಕ್ಕೆ ಸೇರಿದೊಡನೆ ಅದು ವೈದ್ಯರ ವಿಷಯವಾಗಿ ಬಿಡುತ್ತದೆ. ರಸ್ತೆ, ಮನೆ, ಆಶ್ರಯ ಶಿಬಿರ, ಪಡಿತರದ ಸಾಲುಗಳನ್ನು ರೂಪಿಸುವವರ ಹೊಣೆ ಹಗುರಾಗುತ್ತದೆ.

2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆ ಈ ಗ್ರಹಿಕೆಯನ್ನು ತಿದ್ದಿತು. ದೇಹದ ನ್ಯೂನತೆಗೂ ಸುತ್ತಲಿನ ಅಡೆತಡೆಗಳಿಗೂ ನಡುವಿನ ಸಂಘರ್ಷದಲ್ಲಿ ಅಂಗವೈಕಲ್ಯ ಹುಟ್ಟುತ್ತದೆ ಎಂಬುದು ಅದರ ತಾತ್ವಿಕ ನೆಲೆ. ವಿಪತ್ತಿನಲ್ಲಿ ರಕ್ಷಣೆಯನ್ನು ಅದರ 11ನೆಯ ಅನುಚ್ಛೇದ ರಾಜ್ಯದ ಕರ್ತವ್ಯವನ್ನಾಗಿಸಿತು. ಭಾರತ 2007ರ ಅಕ್ಟೋಬರ್ 1ರಂದು ಇದನ್ನು ಸ್ಥಿರೀಕರಿಸಿತು. ಹಿರಿಯರನ್ನು ಹೆಸರಿಟ್ಟು ಕರೆಯುವುದು ಆರೋಗ್ಯದ 25ನೆಯ ಮತ್ತು ಸಾಮಾಜಿಕ ಭದ್ರತೆಯ 28ನೆಯ ಅನುಚ್ಛೇದಗಳಲ್ಲಿ. ವಿಪತ್ತಿನ 11ನೆಯ ಅನುಚ್ಛೇದದಲ್ಲಿ ಆ ಹೆಸರಿಲ್ಲ.

2015ರ ಸೆಂಡಾಯ್ ಚೌಕಟ್ಟು ಜಪಾನಿನಲ್ಲಿ ರೂಪುಗೊಂಡಿತು. 2030ರವರೆಗಿನ ವಿಪತ್ತು ತಗ್ಗಿಸುವಿಕೆಗೆ ಅದು ಮಾರ್ಗದರ್ಶಿ. ಅದರ 36ನೆಯ ಪರಿಚ್ಛೇದ ಸಮಾಜದ ವಿವಿಧ ವರ್ಗಗಳ ಪಾತ್ರವನ್ನು ಸಾಲಾಗಿ ಹೇಳುತ್ತದೆ. ಅಂಗವಿಕಲರಿಗೆ ಒಂದು ಕಲಮು: ಅಪಾಯವನ್ನು ಅಂದಾಜಿಸುವಲ್ಲಿ, ಯೋಜನೆಗಳನ್ನು ರೂಪಿಸುವಲ್ಲಿ ಅವರ ಪಾತ್ರ ಮುಖ್ಯ. ಅದರ ಮುಂದಿನದು ಹಿರಿಯರ ಕಲಮು: ಅವರ ಅನುಭವ, ತಿಳಿವಳಿಕೆ, ವಿವೇಕ ಸಮಾಜದ ಆಸ್ತಿ. ಎರಡೂ ಕಲಮುಗಳು ಗೌರವದ ಮಾತನ್ನೇ ಆಡುತ್ತವೆ. ಆದರೆ ಎಪ್ಪತ್ತೈದು ವರ್ಷದ, ಕಿವಿ ಮಂದವಾದ, ಮಂಡಿ ಹಿಡಿದುಕೊಂಡ ಒಬ್ಬ ಮುದುಕಿ ಯಾವ ಕಲಮಿಗೆ ಸೇರಿದವಳು? ವಿವೇಕ ಉಳ್ಳವಳೆಂದು ಗೌರವಿಸುವ ಕಲಮು ಎಚ್ಚರಿಕೆಯ ಸೈರನ್ ಅವಳಿಗೆ ಕೇಳಿಸದೆಂಬುದನ್ನು ನೆನೆಯುವುದಿಲ್ಲ. ಅಂಗವೈಕಲ್ಯದ ಕಲಮನ್ನು ಅವಳು ತನ್ನದೆಂದು ಭಾವಿಸುವುದೂ ಇಲ್ಲ.

ಭಾವಿಸದಿರುವ ಕಾರಣವನ್ನು ಭಾಷೆಯಲ್ಲಿಯೇ ಹುಡುಕಬಹುದು. ಕಣ್ಣು ಕಾಣುತ್ತಿಲ್ಲ ಎಂದರೆ ‘ವಯಸ್ಸಾಯಿತಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಡೆಯಲಾಗುವುದಿಲ್ಲ ಎಂದರೆ ‘ಇನ್ನೇನು, ಇದ್ದದ್ದೇ’. ಇದರಲ್ಲಿ ಕ್ರೌರ್ಯವಿಲ್ಲ, ಬಹಳ ಸಲ ಮುದುಕರೇ ತಮ್ಮ ಬಗ್ಗೆ ಆಡುವ ಮಾತಿದು. ಆದರೆ ಈ ಮಾತು ಒಂದು ಕೆಲಸವನ್ನು ಮಾಡುತ್ತದೆ: ಪರಿಹಾರ ಇರಬಹುದಾದ ತೊಂದರೆಯನ್ನು ಪ್ರಕೃತಿನಿಯಮವಾಗಿಸಿ ಪ್ರಶ್ನೆಯನ್ನು ಅಲ್ಲಿಗೇ ಮುಚ್ಚುತ್ತದೆ. ಇಪ್ಪತ್ತು ವರ್ಷದವನ ದೃಷ್ಟಿ ಹೋದರೆ ಅಂಗವೈಕಲ್ಯ, ಎಪ್ಪತ್ತರಲ್ಲಿ ಹೋದರೆ ವಯಸ್ಸು. ಕಳೆದುಕೊಂಡದ್ದು ಎರಡು ಕಡೆಯೂ ದೃಷ್ಟಿಯೇ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಪದಗಳು ಬದಲಾಗುತ್ತ ಬಂದಿವೆ. ಪದ ಎಷ್ಟೇ ಮೃದುವಾದರೂ ಮುಪ್ಪಿನಲ್ಲಿ ಕಾಣದಾದವರನ್ನು ಅದು ತನ್ನೊಳಗೆ ಕರೆದುಕೊಂಡಿಲ್ಲ.

3

ಅಂಕಿಅಂಶಗಳು ಇದನ್ನು ಸ್ಪಷ್ಟಪಡಿಸುತ್ತವೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅದು ಜನಸಂಖ್ಯೆಯ ಶೇ. 2.21. ಅರವತ್ತು ದಾಟಿದವರಲ್ಲಿ ಈ ಪ್ರಮಾಣ ಸುಮಾರು ಶೇ. 5. ಅದೇ ವಯಸ್ಸಿನವರಲ್ಲಿ ಜಗತ್ತಿನಾದ್ಯಂತ ಶೇ. 46ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಅಂಗವೈಕಲ್ಯವಿದೆ ಎಂಬುದು ವಿಶ್ವಸಂಸ್ಥೆಯ ಪ್ರಕಟಣೆಗಳ ಅಂದಾಜು. ಎರಡು ಲೆಕ್ಕಗಳ ವ್ಯಾಖ್ಯೆ ಬೇರೆಬೇರೆ ಎಂಬುದು ನಿಜ. ಆದರೆ ಶೇ. 5 ಮತ್ತು ಶೇ. 46ರ ನಡುವಿನ ಕಂದರದ ಬಹುಭಾಗ ಕೇಳಿದ ಪ್ರಶ್ನೆಯಿಂದ ಹುಟ್ಟಿದ್ದು. ಈ ವ್ಯಕ್ತಿ ದೈಹಿಕವಾಗಿ ಅಥವಾ ಮಾನಸಿಕವಾಗಿ ಅಂಗವಿಕಲರೇ ಎಂದು ಗಣತಿದಾರ ಕೇಳಿದಾಗ ‘ಇಲ್ಲ, ವಯಸ್ಸಾಗಿದೆ ಅಷ್ಟೆ’ ಎಂದು ಮನೆಯವರು ಹೇಳುವುದು ಸಹಜ.

2001ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ ವಾಷಿಂಗ್ಟನ್ ಗುಂಪು ಈ ತೊಡಕಿಗೆ ಸರಳವಾದ ದಾರಿಯನ್ನು ಕಂಡುಕೊಂಡಿತು. ಅದರ ಕಿರು ಪ್ರಶ್ನಾವಳಿಯಲ್ಲಿ ಆರು ಪ್ರಶ್ನೆಗಳಿವೆ: ನೋಡುವುದು, ಕೇಳುವುದು, ನಡೆಯುವುದು, ನೆನಪಿಡುವುದು, ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಮಾತು ತಿಳಿಸುವುದು. ತೊಂದರೆಯಿಲ್ಲ, ಸ್ವಲ್ಪ ಇದೆ, ಬಹಳ ಇದೆ, ಆಗುವುದೇ ಇಲ್ಲ ಎಂಬ ನಾಲ್ಕು ಉತ್ತರಗಳು. ಅಂಗವೈಕಲ್ಯ ಎಂಬ ಪದವನ್ನು ಈ ಪ್ರಶ್ನೆಗಳಲ್ಲಿ ಎಲ್ಲಿಯೂ ಬಳಸಿಲ್ಲ. ಪರಿಭಾಷೆಯ ಕಳಂಕವನ್ನು ಬದಿಗಿಟ್ಟು ಮೆಟ್ಟಿಲು ಹತ್ತುವುದು ಕಷ್ಟವೇ ಎಂದು ಕೇಳಿದರೆ ಉತ್ತರಿಸಲು ಮುದುಕರಿಗೆ ಸಂಕೋಚವಿರುವುದಿಲ್ಲ. ಪ್ರಶ್ನೆಯ ವಾಕ್ಯರಚನೆ ಬದಲಾದಾಗ ಮರೆಯಾಗಿದ್ದವರು ಎಣಿಕೆಗೆ ಬರುತ್ತಾರೆ ಎಂಬುದು ಭಾಷೆಯನ್ನು ಅಭ್ಯಾಸ ಮಾಡುವವರಿಗೂ ಮಹತ್ವದ ಸಂಗತಿ.

ಎಣಿಕೆಗೆ ಬಾರದಿರುವುದರ ಬೆಲೆಯನ್ನು ವಿಪತ್ತುಗಳು ತೋರಿಸಿವೆ. 2005ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಕತ್ರೀನಾ ಚಂಡಮಾರುತಕ್ಕೆ ಬಲಿಯಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಎಪ್ಪತ್ತೈದು ದಾಟಿದವರು. 2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿಯಲ್ಲಿ ಜಪಾನಿನಲ್ಲಿ ಸತ್ತವರಲ್ಲಿ ಅರವತ್ತು ಮೀರಿದವರು ಅರ್ಧಕ್ಕಿಂತ ಬಹಳ ಹೆಚ್ಚು. ಎರಡೂ ಸಿರಿವಂತ ದೇಶಗಳು. ಎಚ್ಚರಿಕೆಯ ಯಂತ್ರಗಳೂ ವಾಹನಗಳೂ ಇದ್ದ ಸಮಾಜಗಳು. ಆಶ್ರಮವಾಸಿಕ ಪರ್ವದ ಸನ್ನಿವೇಶ ಅಲ್ಲಿ ಮರುಕಳಿಸಿತು: ಸಂಜಯರು ಪಾರಾದರು, ನಡೆಯಲಾರದವರು ಉಳಿದರು. ಸಿರಿಯಾದ ಯುದ್ಧದಿಂದ ಲೆಬನಾನ್ ಮತ್ತು ಜೋರ್ಡಾನ್‌ಗಳಿಗೆ ಬಂದ ನಿರಾಶ್ರಿತರನ್ನು ಕುರಿತು ಹೆಲ್ಪ್‌ಏಜ್ ಇಂಟರ್‌ನ್ಯಾಷನಲ್ ಮತ್ತು ಹ್ಯಾಂಡಿಕ್ಯಾಪ್ ಇಂಟರ್‌ನ್ಯಾಷನಲ್ ಸಂಸ್ಥೆಗಳು 2014ರಲ್ಲಿ ಒಂದು ವರದಿಯನ್ನು ಹೊರತಂದವು. ಸಮೀಕ್ಷೆಗೆ ಒಳಪಟ್ಟ ಹಿರಿಯ ನಿರಾಶ್ರಿತರಲ್ಲಿ ಶೇ. 77 ಮಂದಿಗೆ ಅಂಗನ್ಯೂನತೆ, ಗಾಯ ಅಥವಾ ದೀರ್ಘಕಾಲದ ಕಾಯಿಲೆ ಇರುವುದನ್ನು ಅದು ದಾಖಲಿಸಿತು. ಇಂಥವರನ್ನು ‘ಮರೆಯಲ್ಲಿರುವ ಬಲಿಪಶುಗಳು’ ಎಂದು ವರದಿಯ ಶೀರ್ಷಿಕೆ ಕರೆಯುತ್ತದೆ. ಶೀರ್ಷಿಕೆಯ ಕಾಳಜಿ ಪ್ರಾಮಾಣಿಕವಾದದ್ದು. ಆದರೆ ಅವರು ತಾವಾಗಿ ಮರೆಯಾದವರಲ್ಲ. ನಡೆದು ಬಂದು ಸಾಲಿನಲ್ಲಿ ನಿಲ್ಲಬಲ್ಲವರಿಗೆ ಮಾತ್ರ ಕಾಣಿಸುವಂತೆ ನೆರವಿನ ಮೇಜನ್ನು ಇಟ್ಟದ್ದರಿಂದ ಮರೆಯಾದವರು.

4

ಭಾರತದ ಪಠ್ಯಗಳಲ್ಲಿ ಕಾವಡಿಯ ಆಕೃತಿ ಹೆಚ್ಚು ಬಲವಾಗಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯಿದೆಯ ಕೇಂದ್ರದಲ್ಲಿರುವುದು ಮಕ್ಕಳ ಹೊಣೆ. ನ್ಯಾಯಮಂಡಳಿ ಜೀವನಾಂಶವನ್ನು ಗೊತ್ತುಪಡಿಸುತ್ತದೆ; ಹಿರಿಯರನ್ನು ತ್ಯಜಿಸುವುದು ಶಿಕ್ಷಾರ್ಹ. ನಿರ್ಲಕ್ಷ್ಯಕ್ಕೊಳಗಾದ ಎಷ್ಟೋ ತಂದೆತಾಯಿಯರಿಗೆ ಇದರಿಂದ ಆಸರೆ ದೊರೆತಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಶ್ರವಣಕುಮಾರನ ಆದರ್ಶವನ್ನು ಕಾಯಿದೆಯ ಭಾಷೆಗೆ ತಂದ ಪಠ್ಯ ಅದು. ಮಗ ದುಡಿಮೆಗೆ ವಲಸೆ ಹೋದ ಮನೆಯಲ್ಲಿ, ಮಗನೇ ಬಡವನಾದ ಮನೆಯಲ್ಲಿ, ಮಕ್ಕಳಿಲ್ಲದ ಮನೆಯಲ್ಲಿ ಹೆಗಲಿನ ಮೇಲೆ ನಿಂತ ಹಕ್ಕು ಎಷ್ಟು ದೂರ ನಡೆದೀತು? ಪ್ರವಾಹ ಬಂದ ರಾತ್ರಿ ಹೊರುವವನೂ ಸಂತ್ರಸ್ತನೇ ಆಗಿರುತ್ತಾನೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಇದಕ್ಕಿಂತ ಮುಂದೆ ಹೋಗಿದೆ. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. 8ನೆಯ ಪ್ರಕರಣ ವಿಪತ್ತಿನಲ್ಲಿ ಸಮಾನ ರಕ್ಷಣೆಯನ್ನು ಹಕ್ಕಾಗಿಸುತ್ತದೆ. 24ನೆಯ ಪ್ರಕರಣದ ಪ್ರಕಾರ ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ದೊರೆಯುವ ಮೊತ್ತ ಇತರರದಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು. ಆದರೆ ಪಿಂಚಣಿಯ ನಿಯಮಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ ವೃದ್ಧಾಪ್ಯ ವೇತನ ಒಂದು, 2009ರಲ್ಲಿ ಆರಂಭವಾದ ಅಂಗವಿಕಲ ವೇತನ ಇನ್ನೊಂದು. ಎರಡನೆಯದಕ್ಕೆ ಶೇ. 80ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಕರ್ನಾಟಕದಲ್ಲಿ 2007ರಲ್ಲಿ ಜಾರಿಗೆ ಬಂದ ಸಂಧ್ಯಾ ಸುರಕ್ಷಾ ಯೋಜನೆ ಅರವತ್ತೈದು ದಾಟಿದವರಿಗೆ; ಬೇರೆ ಸಾಮಾಜಿಕ ಪಿಂಚಣಿ ಪಡೆಯುವವರಿಗೆ ಅದು ಸಲ್ಲದು. ಒಬ್ಬರಿಗೆ ಒಂದು ಪಿಂಚಣಿ ಎಂಬುದು ಹಣಕಾಸಿನ ದೃಷ್ಟಿಯಿಂದ ಅರ್ಥವಾಗುವ ನಿಯಮ. ಆದರೆ ಅದರ ಅಡಿಯಲ್ಲಿ ಒಂದು ಊಹೆಯಿದೆ: ಒಬ್ಬ ವ್ಯಕ್ತಿ ಒಂದು ಕಾರಣಕ್ಕೆ ಮಾತ್ರ ಕಷ್ಟದಲ್ಲಿರಬಲ್ಲ. ಮುಪ್ಪಿನ ವೇತನ ಬರುತ್ತಿರುವ ಮುದುಕಿ ದೃಷ್ಟಿ ಕಳೆದುಕೊಂಡಾಗ ಅವಳ ಖರ್ಚು ಹೆಚ್ಚುತ್ತದೆ: ಜೊತೆಗೆ ಬರುವವರ ಬಸ್ ದರ, ಅವರ ಅಂದಿನ ಕೂಲಿ, ಔಷಧಿ. ವೇತನ ಇದ್ದಷ್ಟೇ ಇರುತ್ತದೆ. ಪ್ರಮಾಣಪತ್ರಕ್ಕಾಗಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಲು ಅವಳಿಗೆ ಹೆಚ್ಚಿನ ಕಾರಣವೂ ಉಳಿಯುವುದಿಲ್ಲ. ಹೀಗೆ ಅವಳು ಅಂಗವಿಕಲರ ಪಟ್ಟಿಯಿಂದ ತಾನಾಗಿಯೇ ಹೊರಗುಳಿಯುತ್ತಾಳೆ; ಆ ಪಟ್ಟಿಯನ್ನು ನೋಡಿ ಮುಂದಿನ ಯೋಜನೆಯನ್ನು ರೂಪಿಸಲಾಗುತ್ತದೆ.

ಕೇಂದ್ರ ಸರ್ಕಾರದಲ್ಲಿ ಹಿರಿಯ ನಾಗರಿಕರೂ ಅಂಗವಿಕಲರೂ ಒಂದೇ ಸಚಿವಾಲಯದ ಎರಡು ಬೇರೆ ಇಲಾಖೆಗಳ ವಿಷಯ. ಕರ್ನಾಟಕ ಈ ವಿಚಾರದಲ್ಲಿ ಭಿನ್ನವಾಗಿದೆ. ಇಲ್ಲಿ ಇರುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಎರಡು ಗುಂಪುಗಳನ್ನು ಒಂದೇ ಸೂರಿನಡಿ ತಂದಿರುವುದು ದೊಡ್ಡ ಅನುಕೂಲ. ಆದರೆ ಆ ಹೆಸರಿನಲ್ಲಿರುವ ‘ಹಾಗೂ’ ಎಂಬ ಅವ್ಯಯವನ್ನು ಎರಡು ರೀತಿ ಓದಬಹುದು. ಎರಡು ಕಡತಗಳನ್ನು ಕಟ್ಟಿದ ದಾರವೆಂದು ಓದಿದರೆ ಪಟ್ಟಿಗಳು ಎರಡಾಗಿಯೇ ಉಳಿಯುತ್ತವೆ. ಎರಡೂ ಆಗಿರುವ ವ್ಯಕ್ತಿಯನ್ನು ಹುಡುಕುವ ಸೂಚನೆಯೆಂದು ಓದಿದರೆ ಅದೇ ಪುನರ್ವಸತಿ ಕಾರ್ಯಕರ್ತರು ಆರು ಪ್ರಶ್ನೆಗಳನ್ನು ಹಿಡಿದು ಪಿಂಚಣಿ ಪಡೆಯುವ ಪ್ರತಿಯೊಬ್ಬ ಹಿರಿಯರ ಮನೆಗೂ ಹೋಗಬಹುದು.

2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ಮತ್ತು ಪ್ರವಾಹದ ನಂತರ ಅನೇಕ ಗ್ರಾಮಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಿ ಮನೆ ಕಟ್ಟಿಕೊಡುವ ಕಾರ್ಯ ‘ಆಸರೆ’ ಎಂಬ ಹೆಸರಿನಲ್ಲಿ ನಡೆಯಿತು. ಎತ್ತರದ ನೆಲ, ಗಟ್ಟಿ ಗೋಡೆ ಎಂಬ ಗುರಿಗಳು ಸರಿಯಾದವೇ. ಆದರೆ ಸ್ಥಳಾಂತರದ ಯಾವ ಯೋಜನೆಯನ್ನಾದರೂ ಕಣ್ಣು ಮಂಜಾದ ಹಿರಿಯರ ದಿಕ್ಕಿನಿಂದ ಓದಿದರೆ ಬೇರೊಂದು ಚಿತ್ರ ಮೂಡುತ್ತದೆ. ಹಳೆಯ ಊರಿನಲ್ಲಿ ಅವರಿಗೆ ಓಣಿ ಕೈಗೆ ತಿಳಿಯುತ್ತಿತ್ತು. ಕಟ್ಟೆ, ಬಾವಿ, ಗುಡಿಯ ಗಂಟೆ ದಾರಿ ಹೇಳುತ್ತಿದ್ದವು. ಹೊರಗೆ ಬಂದರೆ ಹೆಸರು ಹಿಡಿದು ಕರೆಯುವ ನೆರೆಯವರಿದ್ದರು. ಒಂದೇ ಅಳತೆಯ ಮನೆಗಳ ನೇರ ಸಾಲಿನಲ್ಲಿ ಈ ಗುರುತುಗಳು ಇರುವುದಿಲ್ಲ. ಕಣ್ಣು ನಿನ್ನೆಯಷ್ಟೇ ಮಂಜಾಗಿದ್ದರೂ ಅವರು ಹೊಸ ಊರಿನಲ್ಲಿ ಹೆಚ್ಚು ಅಂಗವಿಕಲರಾಗುತ್ತಾರೆ. ಅಂಗವೈಕಲ್ಯ ಅಡೆತಡೆಯಲ್ಲಿ ಹುಟ್ಟುತ್ತದೆ ಎಂಬ 2006ರ ಒಡಂಬಡಿಕೆಯ ಮಾತಿಗೆ ಇದಕ್ಕಿಂತ ಸರಳವಾದ ಭಾಷ್ಯ ಬೇಕಿಲ್ಲ. ಹೊಸ ಊರಿನ ನಕ್ಷೆಯನ್ನು ಬರೆಯುವ ಮೊದಲು ಅಂಥ ಹತ್ತು ಹಿರಿಯರನ್ನು ಕೂರಿಸಿಕೊಂಡು ಕೇಳುವುದಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ.

5

ಕೇಳುವ ಈ ಕ್ರಮವನ್ನು ನಿಯಮವಾಗಿಸುವ ಪ್ರಯತ್ನ 2018ರ ‘ಹಿರಿಯರು ಮತ್ತು ಅಂಗವಿಕಲರಿಗಾಗಿ ಮಾನವೀಯ ನೆರವಿನ ಒಳಗೊಳ್ಳುವಿಕೆಯ ಮಾನದಂಡಗಳು’ ಎಂಬ ಕೈಪಿಡಿಯಲ್ಲಿದೆ. ಒಂಬತ್ತು ಮುಖ್ಯ ಮಾನದಂಡಗಳೂ ಆಹಾರ, ನೀರು, ವಸತಿ, ಆರೋಗ್ಯ ಮೊದಲಾದ ಏಳು ಕ್ಷೇತ್ರಗಳ ಸೂಚನೆಗಳೂ ಅದರಲ್ಲಿವೆ. ಗುರುತಿಸುವುದು, ಅಡೆತಡೆ ತೆಗೆಯುವುದು, ಅವರನ್ನು ಪಾಲುಗೊಳಿಸಿ ಶಕ್ತಿ ತುಂಬುವುದು ಎಂಬ ಮೂರು ಎಳೆಗಳು ಪುಸ್ತಕದುದ್ದಕ್ಕೂ ಹರಿದಿವೆ. ಮೂರನೆಯ ಎಳೆಯಲ್ಲಿ ಕಾವಡಿಯಲ್ಲಿ ಕುಳಿತವರು ಮೊದಲ ಬಾರಿಗೆ ಮಾತನಾಡುವವರಾಗುತ್ತಾರೆ. ಆದರೂ ಶೀರ್ಷಿಕೆಯಲ್ಲಿ ‘ಮತ್ತು’ ಉಳಿದಿದೆ. 2019ರಲ್ಲಿ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿಯಾಗಿದ್ದ ಕ್ಯಾಟಲಿನಾ ದೇವಂದಾಸ್ ಅಗ್ವಿಲಾರ್ ಅವರು ಅಂಗವೈಕಲ್ಯವುಳ್ಳ ಹಿರಿಯರನ್ನೇ ಕುರಿತು ಒಂದು ವರದಿಯನ್ನು ಮಹಾಸಭೆಗೆ ಸಲ್ಲಿಸಿದಾಗ, ಎರಡು ಹೆಸರುಗಳು ಒಬ್ಬ ವ್ಯಕ್ತಿಯಾಗಿ ಕೂಡಿದವು. ಅಂಗವೈಕಲ್ಯದೊಡನೆಯೇ ಮುಪ್ಪಿಗೆ ಬಂದವರು, ಮುಪ್ಪಿನಲ್ಲಿ ಅಂಗವೈಕಲ್ಯ ಪಡೆದವರು ಎಂಬ ವ್ಯತ್ಯಾಸವೂ ಆ ವರದಿಯಲ್ಲಿ ಸ್ಪಷ್ಟಗೊಂಡಿತು. ಮೊದಲನೆಯವರಿಗೆ ಹೋರಾಟದ ಸಂಘಟನೆ, ಬಿಳಿಕೋಲು, ಸಂಜ್ಞಾಭಾಷೆಗಳ ಪರಿಚಯವಿರಬಹುದು; ಎರಡನೆಯವರಿಗೆ ‘ವಯಸ್ಸಾಯಿತು’ ಎಂಬ ಒಂದು ಮಾತಿನ ಹೊರತು ಬೇರೆ ಪರಿಕರವಿರುವುದಿಲ್ಲ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2025ರ ಏಪ್ರಿಲ್‌ನಲ್ಲಿ ಹಿರಿಯರ ಹಕ್ಕುಗಳಿಗಾಗಿ ಕಾನೂನುಬದ್ಧ ಒಡಂಬಡಿಕೆಯೊಂದರ ಕರಡನ್ನು ಸಿದ್ಧಪಡಿಸಲು ಕಾರ್ಯಗುಂಪನ್ನು ರಚಿಸುವ ನಿರ್ಣಯ ಕೈಗೊಂಡಿತು. ಆದ್ದರಿಂದ ಈ ವಿಮರ್ಶೆ ಕೇವಲ ಹಳೆಯ ಪಠ್ಯಗಳಿಗೆ ಸಂಬಂಧಿಸಿದ್ದಲ್ಲ. ಹೊಸ ಒಡಂಬಡಿಕೆ ಮುಪ್ಪನ್ನು ಇನ್ನೊಂದು ಪ್ರತ್ಯೇಕ ಪಟ್ಟಿಯಾಗಿ ಬರೆದರೆ, ಅಂಗವೈಕಲ್ಯಕ್ಕೆ 2006ರಲ್ಲಿ ದೊರೆತ ಹಕ್ಕಿನ ಭಾಷೆ ಹಿರಿಯರಿಗೆ ದೊರೆಯದೆ ಹೋಗಬಹುದು. ಆರೈಕೆ, ಕರುಣೆ, ಕೃತಜ್ಞತೆಗಳ ಭಾಷೆಯೇ ಮುಂದುವರಿಯಬಹುದು. ಆರೈಕೆ ಬೇಡವೆಂದು ಯಾರೂ ಹೇಳಲಾರರು. ಹೊರುವ ಹೆಗಲು ಇರುವಲ್ಲಿ ಅದು ದೊಡ್ಡ ಭಾಗ್ಯ. ಆದರೆ ಹೆಗಲು ಇಲ್ಲದಿರುವಾಗಲೂ ನಡೆಯಬಹುದಾದ ದಾರಿ, ಕೇಳಿಸುವ ಎಚ್ಚರಿಕೆ, ತಲುಪಬಹುದಾದ ನೀರು, ಸಿಗಬೇಕಾದ ಹಣ ಇವು ಯಾರ ಸದ್ಗುಣವನ್ನೂ ಅವಲಂಬಿಸಬಾರದು.

ನೆರವಿನ ಯಾವುದೇ ಪಠ್ಯವನ್ನು ಅಳೆಯಲು ಆಶ್ರಮವಾಸಿಕ ಪರ್ವದ ಕಾಡು ಸಾಕಷ್ಟು ಖಚಿತವಾದ ಒರೆಗಲ್ಲು. ಅಲ್ಲಿ ಧೃತರಾಷ್ಟ್ರ, ಗಾಂಧಾರಿ, ಕುಂತಿ ಇದ್ದಾರೆಂಬುದು ಪಠ್ಯಕ್ಕೆ ಮೊದಲೇ ತಿಳಿದಿದೆಯೇ? ಬೆಂಕಿಯನ್ನು ಆರಿಸುವ ಹೊಣೆ ಯಾರದೆಂದು ಅದು ಬರೆದಿದೆಯೇ? ಸಂಜಯನೊಬ್ಬ ಹೊರಟುಹೋದ ಮೇಲೂ ಹೊರಬರುವ ದಾರಿ ಉಳಿದಿದೆಯೇ? ಆ ದಾರಿ ಹೇಗಿರಬೇಕೆಂದು ಆ ಮೂವರನ್ನು ಯಾರಾದರೂ ಕೇಳಿದ್ದಾರೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರುವ ಪಠ್ಯ, ಅದರ ಭಾಷೆ ಎಷ್ಟೇ ಒರಟಾಗಿದ್ದರೂ, ತನ್ನ ಕೆಲಸವನ್ನು ಮಾಡಿದೆ. ಉತ್ತರವಿಲ್ಲದ ಪಠ್ಯ ಎಷ್ಟೇ ಗೌರವದ ಮಾತುಗಳನ್ನಾಡಿದರೂ ಯಾವ ಬೆಂಕಿ ಪವಿತ್ರ ಎಂಬ ಚರ್ಚೆಯಲ್ಲಿಯೇ ನಿಂತುಬಿಡುತ್ತದೆ.